ಸಾಕು

ರಾತ್ರಿ ಎರಡೂಕಾಲು. ಕೊಂದ್ರೋಜಿನ ದಿಬ್ಬಗಳ ಮೇಲೆ ಇಬ್ಬನಿ ಗಾಜಾಗಿದೆ.
ಸೊಲಾಂಜ್ ಲಾಂಬಿಯೋತ್ ಗಾಡಿಯ ಹಿಂಬಾಗಿಲು ತೆರೆದು
ಬಕೆಟ್ಟು, ಹಗ್ಗ, ಡೊಂಕು ಸೂಜಿ, ದಾರದ ಉಂಡೆ ಇಳಿಸುತ್ತಾಳೆ.
ಈ ಚಳಿಗಾಲದ ನೂರನಾಲ್ಕನೆಯ ಕರೆ.

ಈ ಬಿಳಿನೀಲಿ ತಳಿಯಲ್ಲಿ ಕರು ಹೊರಗೆ ಬರುವುದು ಬಾಗಿಲಿಂದಲ್ಲ,
ಎಡಪಕ್ಕೆಯ ಕಿಟಕಿಯಿಂದ.
ಕೂದಲು ಬೋಳಿಸಿ, ಮರಗಟ್ಟಿಸಿ, ಒಂದು ಗೇಣು ಮೇಲೆ ಕುಯ್ದು
ತೋಳುಮಟ್ಟ ಕೈಯಿಳಿಸಿ ಹಿಂಗಾಲು ಹುಡುಕಬೇಕು.
ಹಸು ನಿಂತೇ ಇರುತ್ತದೆ
ಪಕ್ಕದ ಮನೆಯಲ್ಲೇನೋ ರಿಪೇರಿ ನಡೆದಿದೆ ಎಂಬಂತೆ.
ಹೊಲಿಗೆಯ ಗಂಟು ಎಣಿಸಿ ಎಷ್ಟನೆಯ ಸೂಲೆಂದು ಹೇಳಬಹುದು.

ಆದದ್ದಾದರೂ ಏನು?
ರಕ್ತದೊಳಗಿನ ಉದ್ದ ಬರಹದಲ್ಲಿ, ಒಂದು ಕಡೆ,
ಹನ್ನೊಂದು ಅಕ್ಷರ ಬಿಟ್ಟುಹೋಗಿವೆ.
ಮಾಂಸಕ್ಕೆ 'ಸಾಕು' ಅನ್ನುವ ಮಾತು ಅಲ್ಲಿತ್ತು.
ಕೊಂಬು ಉದುರಿ ಅದು 'ಸಾಕ?' ಎಂದಾಯಿತು.
ತೊಡೆ ಕೇಳಿತು, ಬೆನ್ನು ಕೇಳಿತು, ಭುಜ ಕೇಳಿತು.
ಯಾರೂ ಉತ್ತರಿಸಲಿಲ್ಲ.
ಬೆಳೆದವು.

ನಾಮೂರ್ ಪೇಟೆಯ ಕಸಾಯಿ ಫುಲ್ಜಾನ್ಸ್ ಚಾಕು ಒರೆಸುತ್ತ ಹೇಳುತ್ತಾನೆ:
"ಕೊಬ್ಬಿನ ಗೆರೆಯಿಲ್ಲ, ನಾರು ನವಿರು,
ಹಲ್ಲಿಲ್ಲದ ನಮ್ಮತ್ತೆ ತಿಂದು ಇನ್ನೊಂದು ತುಂಡು ಕೇಳುತ್ತಾಳೆ.
ಎಲುಬೆಂಬುದು ನೆಪಕ್ಕೆ ಮಾತ್ರ."
ಸುಳ್ಳಾಡುವವನಲ್ಲ.
ಭಾನುವಾರ ಸೊಲಾಂಜಳೂ ಅದನ್ನೇ ಕೊಳ್ಳುತ್ತಾಳೆ,
ಬೆಣ್ಣೆ ಕಂದು ತಿರುಗುವಷ್ಟರಲ್ಲಿ ಬೆಂದಿರುತ್ತದೆ.

ಈ ರಾತ್ರಿ ಕೊಟ್ಟಿಗೆಯ ಬಾಗಿಲಲ್ಲಿ ಎವ್ರಾರ್
ಟೋಪಿ ತೆಗೆದು ನಿಂತಿದ್ದಾನೆ, ಸಾವಿನ ಮನೆಯಲ್ಲಿ ನಿಂತಹಾಗೆ.
"ತಪ್ಪಾಯಿತು ಡಾಕ್ಟರೇ. ಈದುಬಿಟ್ಟಿತು."
ಚೊಚ್ಚಲು, ಹೆಸರು ಮಿರ್ತಿಲ್. ಮಾಸು ಇನ್ನೂ ಬಿದ್ದಿಲ್ಲ.
ಹುಲ್ಲಿನ ಮೇಲೆ ಒದ್ದೆ ಕರು, ಒಂದು ಕಿವಿ ಮಡಚಿಕೊಂಡು.
ಸೊಲಾಂಜ್ ಹಸುವಿನ ಎಡಪಕ್ಕೆಯ ಮೇಲೆ ಕೈಯಾಡಿಸಿದಳು,
ಮತ್ತೊಮ್ಮೆ ಆಡಿಸಿದಳು.
ಬೆಚ್ಚಗಿತ್ತು. ಕೂದಲಿತ್ತು.

ಬಾಲದ ನಾಲ್ಕು ಎಳೆ ಲಕೋಟೆಯಲ್ಲಿ ಲೀಯೇಜಿಗೆ ಹೋದವು.
ಮೂರು ವಾರಕ್ಕೆ ಬಂತು: ತಾಯಿಯಲ್ಲಿ, ಕರುವಿನಲ್ಲಿ,
ಎರಡು ಪ್ರತಿಗಳಲ್ಲಿ ಒಂದು ಪೂರ್ತಿ ಇದೆ,
ಹನ್ನೊಂದೂ ಅಕ್ಷರ.
ಅಜ್ಜಿಯ ಅಜ್ಜಿ ಹಾಲಿನ ಸಾಲಿನವಳಂತೆ;
ವಂಶದ ಪುಸ್ತಕದಲ್ಲಿ ಎವ್ರಾರನ ಅಪ್ಪ ಬರೆಯದೆ ಬಿಟ್ಟದ್ದು.
ಹಾಗಾದರೆ ಮಿರ್ತಿಲಳ ತಾಯಿಗೂ ಆಗುತ್ತಿತ್ತೇನೋ, ಅವಳ ತಾಯಿಗೂ.
ನಾವು ಕಾಯಲಿಲ್ಲ. ಕುಯ್ದೆವು.

ಅಡಿಗೆಮನೆಯ ಮೇಜಿಗೆ ಎವ್ರಾರ್ ಪೆನ್ಸಿಲ್ ತಂದ.
ತೊಡೆ ಸಣ್ಣದು: ಕಿಲೋಗೆ ಇಷ್ಟು ಕಮ್ಮಿ.
ಸೂಜಿಯ ಖರ್ಚಿಲ್ಲ: ಇಷ್ಟು ಉಳಿತಾಯ.
ಆ ಸೂಜಿಯಿಂದಲೇ ಸೊಲಾಂಜಳ ಮನೆಸಾಲ ತೀರಬೇಕು.
ಕಾಫಿ ಆರಿತು.
"ಮಾರಿಬಿಡಲೇ?"

ಅವಳು ಒಂದೇ ಮಾತು ಹೇಳಿದಳು, ಕೋಟು ಹಾಕಿಕೊಳ್ಳುತ್ತ,
ಫೋನು ಅಷ್ಟರಲ್ಲಿ ಅರಚತೊಡಗಿತ್ತು, ಹವ್ಲಾಂಜಿನಿಂದ, ಇನ್ನೊಂದು ಹಸು.
ಲೆಕ್ಕ ನಿಲ್ಲಿಸು ಎಂದಳೋ,
ಇಟ್ಟುಕೊಂಡು ಮೇಯಿಸು ಎಂದಳೋ.
ಅವಳ ನುಡಿಯಲ್ಲಿ ಅವೆರಡು ಬೇರೆ ಮಾತು.
ನನ್ನದರಲ್ಲಿ ಒಂದೇ.