ಮರುಜಗ್ಗು

ಪುಂಟಾ ಅರೆನಾಸ್. ಆಸ್ಪತ್ರೆಯ ಮೂರನೆಯ ಮಹಡಿ.
ಗಾಳಿ ಬೆಳಗಿನಿಂದ ಗಾಜು ತಟ್ಟುತ್ತಿದೆ,
ಒಳಗೆ ಯಾರಿದ್ದಾರೆಂದು ಚೆನ್ನಾಗಿ ಗೊತ್ತಿರುವವರ ಹಾಗೆ.

ಎಲಾದಿಯೊ ನಾವೆಲ್ಕಿನ್, ಅರವತ್ತೇಳು,
ಅಂಗಿಯ ಗುಂಡಿ ತಾನೇ ಬಿಚ್ಚಿ ಕೂತಿದ್ದಾನೆ.
ಬಲಗಡೆ ಕೊರಳೆಲುಬಿನ ಕೆಳಗೆ ಬಿಳಿ ನಳಿಕೆ.
ಅದರ ಒಳತುದಿ ಹೃದಯದ ಹೊಸ್ತಿಲಲ್ಲಿ,
ಹೊರತುದಿ ನನ್ನ ಕೈಯಲ್ಲಿ.

ಚರ್ಮ ನೋಡಿದೆ: ಕೆಂಪಿಲ್ಲ, ಬಾವು ಇಲ್ಲ.
ನಳಿಕೆಯ ಮೇಲಿನ ಕಪ್ಪು ಗೆರೆ
ಹೋದ ವಾರ ಎಲ್ಲಿತ್ತೋ ಅಲ್ಲೇ ಇದೆ.
ಮೂತಿಯನ್ನು ಸ್ಪಿರಿಟ್ಟಿನಲ್ಲಿ ತಿಕ್ಕಿದೆ,
ಹದಿನೈದರವರೆಗೆ ಎಣಿಸಿ, ಆಮೇಲೆ ಆರಲು ಬಿಟ್ಟೆ.
ಹೊಸಬರು ಕದಿಯುವುದು ಈ ಆರುವ ಹೊತ್ತನ್ನೇ.
ಹತ್ತು ಎಮ್ಮೆಲ್ ಸಿರಿಂಜು. ಚಿಕ್ಕದು ಬೇಡ,
ಚಿಕ್ಕದಕ್ಕೆ ಸಿಟ್ಟು ಜಾಸ್ತಿ, ನಳಿಕೆ ಸೀಳೀತು.

ಸಲೈನು. ಸ್ವಲ್ಪ ಒತ್ತು, ನಿಲ್ಲು, ಸ್ವಲ್ಪ ಒತ್ತು.
ಹೋಯಿತು, ಬೆಣ್ಣೆಯಿಂದ ಕೂದಲೆಳೆದಷ್ಟು ಸಲೀಸು.
ಹಿಂದಕ್ಕೆಳೆದೆ.
ಏನೂ ಬರಲಿಲ್ಲ.

ಕೆಮ್ಮಿ ಎಂದೆ, ಕೆಮ್ಮಿದ.
ಕೈ ಎತ್ತಿ ಎಂದೆ, ಬಸ್ಸು ನಿಲ್ಲಿಸುವವನ ಹಾಗೆ ಎತ್ತಿದ.
ಕುತ್ತಿಗೆ ಆಚೆ. ಮಲಗಿ. ಮಗ್ಗುಲಾಗಿ.
ದೊಡ್ಡ ಉಸಿರು. ಹಿಡೀರಿ. ಬಿಡಿ.
ಸಿರಿಂಜಿನಲ್ಲಿ ಬರೀ ಬೆಳಕು.

ಡಾಕ್ಟರ್ ಮಾತುಲಿಚ್ ಬಾಗಿಲಲ್ಲಿ, ಗಡಿಯಾರ ನೋಡುತ್ತ:
"ಒಳಗೆ ಹೋಗುತ್ತಿದೆಯಲ್ಲ, ಇರೇನಿಯಾ?
ಇನ್ನೂ ಏಳು ಜನ ಕಾಯುತ್ತಿದ್ದಾರೆ."
ಟ್ರೇಯಲ್ಲಿ ಕೆಂಪು ಔಷಧ, ಮಕ್ಕಳ ಶರಬತ್ತಿನ ಬಣ್ಣ.
ರಕ್ತದಲ್ಲಿ ಬೆರೆತರೆ ಮದ್ದು;
ನಾಳ ತಪ್ಪಿ ಮಾಂಸಕ್ಕಿಳಿದರೆ ಕೆಂಡ,
ಎದೆಯ ಚರ್ಮ ವಾರಗಟ್ಟಲೆ ಬೇಯುತ್ತದೆ, ನಿಧಾನ.
ಒಮ್ಮೆ ನೋಡಿದ್ದೇನೆ. ಯಾರದೆಂದು ಹೇಳಲಾರೆ.

"ಹೋಗುತ್ತದೆ ಡಾಕ್ಟರ್. ಎಲ್ಲಿಗೆ ಅಂತ ಕೇಳುತ್ತಿದ್ದೇನೆ."

ಹೆಪ್ಪು ಕರಗಿಸುವ ಮದ್ದು, ನಳಿಕೆ ತುಂಬುವಷ್ಟೇ ಹಾಕಿ
ಕ್ಲಾಂಪು ಬಿಗಿದು, ಸ್ಟೂಲು ಎಳೆದು ಕೂತೆ.
ಎಕ್ಸ್‌ರೇ ಕೋಣೆಗೂ ಹೇಳಿಟ್ಟೆ, ಬೇಕಾದೀತು.

ಆಗ ಎಲಾದಿಯೊ, ನನಗೋ ಕಿಟಕಿಗೋ ತಿಳಿಯದ ಹಾಗೆ:

ನಾನು ಮುಳುಗಿದವನಲ್ಲ, ಮುಳುಗುವವರ ಕೊಳವೆ ಕಾದವನು.
ದೋಣಿಯಲ್ಲಿ ಕಂಪ್ರೆಸರು ದಡದಡ, ಹಳದಿ ಕೊಳವೆ ನೀರಿಗೆ.
ತಳದಲ್ಲಿ ರೊಸಾಮೆಲ್, ನನ್ನ ತಂಗಿಯ ಗಂಡ,
ಕಡಲಿನ ಮುಳ್ಳುಚೆಂಡು ಆರಿಸುತ್ತ.
ನಾನು ಹಗ್ಗ ಒಮ್ಮೆ ಜಗ್ಗಿದರೆ: ಹೇಗಿದ್ದೀ?
ಅವನು ಒಮ್ಮೆ ಜಗ್ಗಿದರೆ: ಇದ್ದೀನಿ.
ಹದಿನೆಂಟು ವರ್ಷ ಅಷ್ಟೇ ನಮ್ಮ ಮಾತು.
ಆವತ್ತು ಜಗ್ಗಿದೆ. ತಿರುಗಿ ಬರಲಿಲ್ಲ.
ಆದರೆ ಗುಳ್ಳೆ ಬರುತ್ತಿತ್ತು, ಧಾರಾಳ, ಬಿಳಿ ಬಿಳಿ.
ಗಾಳಿ ಹೋಗುತ್ತಿದೆಯಲ್ಲ ಅಂದುಕೊಂಡೆ.
ಒಂದು ಸಿಗರೇಟು ಹಚ್ಚಿದೆ.
ಗುಳ್ಳೆ ಕೊಳವೆಯದ್ದು.
ಅದು ಅವನ ಬಾಯಿ ಬಿಟ್ಟು ಎಷ್ಟು ಹೊತ್ತಾಗಿತ್ತೋ.

ಗಾಳಿ ಗಾಜು ಬಿಟ್ಟು ಛಾವಣಿ ಹತ್ತಿತ್ತು.
ನಾನೇನೂ ಹೇಳಲಿಲ್ಲ.
ಅವನ ಕಾಲ ಮೇಲೆ ಕಂಬಳಿ ಸರಿಮಾಡಿದೆ,
ಸರಿಯಾಗಿಯೇ ಇತ್ತು.

ಒಂದೂವರೆ ಗಂಟೆ ಕಳೆದು, ಕೈ ತೊಳೆದು,
ಮತ್ತೆ ಹದಿನೈದರವರೆಗೆ ಎಣಿಸಿ, ಆರಲು ಬಿಟ್ಟು,
ಹಿಂದಕ್ಕೆಳೆದೆ.
ಮೊದಲು ಸಣ್ಣ ಕೊಸರು. ಆಮೇಲೆ ಒಂದು ನೂಲು,
ಕಪ್ಪುಗೆಂಪು, ದಾರಿ ಕೇಳುತ್ತ ಬರುವವನ ಹಾಗೆ
ನಿಂತು, ಹೊರಟು, ನಿಂತು,
ಒಮ್ಮೆಲೇ ಸಿರಿಂಜಿಗೆ ನುಗ್ಗಿತು.

"ಬಂತು" ಎಂದೆ.
ಎಲಾದಿಯೊ ಕಣ್ಣು ಮುಚ್ಚಿಯೇ ಇದ್ದ.
ಅವನ ಎರಡು ಬೆರಳು ನನ್ನ ತೋಳಿನ ಬಟ್ಟೆ ಹುಡುಕಿ
ಒಮ್ಮೆ ಜಗ್ಗಿದವು.

ಆ ಸಿರಿಂಜು ಎಸೆದೆ. ಹೊಸ ಸಲೈನು: ಒತ್ತು, ನಿಲ್ಲು, ಒತ್ತು.
ಹಾಳೆಯಲ್ಲಿ ಬರೆದೆ: ರಕ್ತ ಮರಳಿತು, ಹನ್ನೊಂದು ನಲವತ್ತು.
ಕೆಂಪು ಔಷಧಕ್ಕೆ ಕೈ ಚಾಚುವ ಮುನ್ನ
ಇನ್ನೊಮ್ಮೆ ಎಳೆದು ನೋಡಿದೆ.