ಕದಲದ ಪಟ್ಟಿ

ಅಲೆ ಬಿಡಿಸಿದವನು ನಾನೇ.
ಪರದೆಯ ತಳದಲ್ಲಿ ನೀಲಿಯ ಮೂರು ಪದರ,
ಮೇಲೊಂದು ಬಿಳಿ ಹಡಗು, ಬೆರಳು ಸರಿದಷ್ಟೂ ಸರಿದು
ಮುಸ್ಟಲೈಡ್ ದ್ವೀಪದ ಕಡೆಗೆ ತೇಲುವ ಹಾಗೆ.
ತಾಲಿನ್ನಿನ ನಾಲ್ಕನೆಯ ಮಹಡಿಯಲ್ಲಿ ಚಪ್ಪಾಳೆ ತಟ್ಟಿದರು.
ಹೊರಗೆ ಡಿಸೆಂಬರ್, ನಾಲ್ಕು ಹೊಡೆಯುವ ಮೊದಲೇ ಕತ್ತಲು.

ಮೊದಲು ಅಲ್ಲಿದ್ದದ್ದು ಬರೀ ಒಂದು ಕೋಷ್ಟಕ:
ಹೊರಡುವ ಹೊತ್ತು, ಮುಟ್ಟುವ ಹೊತ್ತು, ಭಾನುವಾರ ಇಲ್ಲ.
ಒಣಮೀನಿನಷ್ಟು ಚಪ್ಪಟೆ ಎಂದು ನಕ್ಕಿದ್ದೆ.
ಈಗ ಅಂಕಿಗಳು ಮಂಜಿನೊಳಗಿಂದ ಒಂದೊಂದಾಗಿ ಏಳುತ್ತವೆ,
ಬಾ ಎಂದೊಡನೆ ಬಾರದ ಮದುಮಗಳ ಹಾಗೆ,
ಕಾಯಿಸಿ, ಸ್ವಲ್ಪ ಸತಾಯಿಸಿ.

ಹೆಲ್ವೆ ಕರೆ ಮಾಡಿದ್ದು ಒಂದು ಮಂಗಳವಾರ.
ಅಕಾರ್ಡಿಯನ್ ರಿಪೇರಿ ಮಾಡುವವಳಂತೆ, ಹುಟ್ಟಿನಿಂದ ಕಣ್ಣಿಲ್ಲ.
'ನನ್ನ ಕಂಪ್ಯೂಟರು ನನಗೆ ಓದಿ ಹೇಳುತ್ತದೆ,
ನೀನೂ ಕೇಳು' ಎಂದು ಫೋನನ್ನು ಅದರ ಬಾಯಿಗೆ ಹಿಡಿದಳು.
ಗುಂಡಿ. ಗುಂಡಿ. ಚಿತ್ರ, ಹೆಸರಿಲ್ಲ. ಗುಂಡಿ.
ಚಿತ್ರ ನಲವತ್ತೆರಡು. ಗುಂಡಿ.
'ಹಡಗು ಎಷ್ಟು ಹೊತ್ತಿಗೆ ಎಂದು ಕೇಳಿದರೆ
ಗುಂಡಿ ಎನ್ನುತ್ತದೆ ನಿನ್ನ ಸಮುದ್ರ.'

ಬ್ರೌಸರ್ ಹೊಸದು ಹಾಕಿಕೊಳ್ಳಿ ಎಂದೆ.
ಹೌದು, ಅದನ್ನೇ ಅಂದೆ.

ಅವಳು ಬೈಯಲಿಲ್ಲ. ಪಕ್ಕದ ಮನೆಯ ಊಲೊನ ಕಥೆ ಹೇಳಿದಳು:
ಮೂವತ್ತು ವರ್ಷ ಬಿರುಗಾಳಿಯಲ್ಲಿ ಬಲೆ ಎಳೆದವನು,
ಹೋದ ವರ್ಷ ಕಿವಿಯ ಆಪರೇಷನ್ ಆದವನು,
ನೋಡಿ ಹೇಳೋ ಮಾರಾಯ ಎಂದು ಕೂರಿಸಿದರೆ
ಪುಟದ ಅಲೆಗೆ ತಲೆ ತಿರುಗಿ ಕುರ್ಚಿ ಹಿಡಿದುಕೊಂಡನಂತೆ.
ಅಂಗಡಿಯ ಮಾರಿತ್ ತನ್ನ ಫೋನು ತೆಗೆದಳಂತೆ,
ದ್ವೀಪದ ಆ ಮೂಲೆಯಲ್ಲಿ ಸಿಗ್ನಲ್ಲಿಗೆ ಒಂದೇ ಗೆರೆ;
ನಾನು ಬರೆದ ಸ್ಕ್ರಿಪ್ಟ್ ಅರ್ಧ ದಾರಿಯಲ್ಲಿ ಉಸಿರುಗಟ್ಟಿ
ಹಡಗೂ ಇಲ್ಲ, ಹೊತ್ತೂ ಇಲ್ಲ,
ಬಿಳಿ ಪುಟ, ಹಿಮ ಬಿದ್ದ ಹೊಲದಂತೆ.
ಫೋನು ಮಾತ್ರ ರೊಟ್ಟಿಯ ಹಂಚಿನಷ್ಟು ಬಿಸಿ.

ಕುಣಿಯಲಾರದವರಿಗೆ ನೆಲ ಡೊಂಕು ಎನ್ನುತ್ತಾರಲ್ಲ,
ಇಲ್ಲಿ ಕುಣಿಯುತ್ತಿದ್ದದ್ದು ನೆಲವೇ.

ಆ ದಿನದ ಹಡಗು ತಪ್ಪಿತು. ಯಾರೂ ಸಾಯಲಿಲ್ಲ.
ಆಚೆ ದಡದಲ್ಲಿ ಯಾರದೋ ಮಗುವಿನ ನಾಮಕರಣ
ಸಂಗೀತವಿಲ್ಲದೆ ಮುಗಿಯಿತು, ಅಷ್ಟೇ.
ಪೆಟ್ಟಿಗೆಯೊಳಗೆ ಅಕಾರ್ಡಿಯನ್ನು ತಿದಿ ಮಡಚಿ ಮಲಗಿತ್ತು.

ಏಪ್ರಿಲಿನಲ್ಲಿ ಹೋದೆ, ಯಾರಿಗೂ ಹೇಳದೆ.
ಕಟ್ಟೆಯ ಮೇಲೆ ಕಾಯುವವರ ಗುಡಿಸಲು, ಟಾರಿನ ವಾಸನೆ,
ಗೋಡೆಗೆ ನಾಲ್ಕು ಮೊಳೆ ಹೊಡೆದ ಒಂದು ಹಾಳೆ:
ಹೊರಡುವ ಹೊತ್ತು, ಮುಟ್ಟುವ ಹೊತ್ತು,
ಪೆನ್ಸಿಲಿನಲ್ಲಿ ಟೋನಿಸ್ ತಿದ್ದಿದ ಒಂದು ಏಳು.
ಅದರ ಕೆಳಗೆ, ಸೊಂಟದ ಎತ್ತರದಲ್ಲಿ,
ಬಿಸ್ಕತ್ತು ಡಬ್ಬಿಯ ತಗಡು ಬಿಚ್ಚಿ ಬಡಿದು
ಮೊಳೆಯ ತುದಿಯಿಂದ ಎಬ್ಬಿಸಿದ ಚುಕ್ಕಿಗಳ ಸಾಲು.
ಹೆಲ್ವೆಯದು. ಕೇಳಬೇಕಾಗಿರಲಿಲ್ಲ.

ಕಣ್ಣು ಮುಚ್ಚಿ ಬೆರಳಾಡಿಸಿದೆ.
ಒಂದಕ್ಷರವೂ ತಿಳಿಯಲಿಲ್ಲ, ಆದರೆ
ಚುಕ್ಕಿ ಬೆರಳಿಗಿಂತ ಮುಂದೆ ಓಡಲಿಲ್ಲ,
ಮಂಜಾಗಲಿಲ್ಲ, ನನ್ನ ಒಪ್ಪಿಗೆ ಕೇಳಲಿಲ್ಲ.
ಬೆನ್ನ ಹಿಂದೆ ನಿಜವಾದ ಸಮುದ್ರ,
ಅಲೆಯ ಮೇಲೆ ಅಲೆ; ಅದಕ್ಕೆ ಬೇರೆ ಕೆಲಸವಿಲ್ಲ,
ಹೊತ್ತು ಹೇಳುವ ಕೆಲಸವನ್ನು ಅದಕ್ಕೆ ಯಾರೂ ಕೊಟ್ಟಿಲ್ಲ.

ವಾಪಸು ಬಂದು ಎಲ್ಲ ಅಳಿಸಿದೆ ಎಂದರೆ ಸುಳ್ಳಾಗುತ್ತದೆ.
ಮೇಲಿನವರು ಒಪ್ಪಲಿಲ್ಲ. ಹಡಗು ಅವರಿಗೆ ಇಷ್ಟ.
ಕೋಷ್ಟಕವನ್ನು ಮಾತ್ರ ಸ್ಕ್ರಿಪ್ಟಿನ ಹಂಗು ತಪ್ಪಿಸಿ
ಹಳೆಯ ಹಾಗೆ ಚಪ್ಪಟೆ ಮಲಗಿಸಿದೆ.
ಮತ್ತೆ, ಎಲ್ಲಕ್ಕಿಂತ ಮೊದಲು ಕಿವಿಗೆ ಬೀಳುವ ಜಾಗದಲ್ಲಿ
ಎರಡು ಪದ ಇಟ್ಟೆ:
ಅಲೆ ನಿಲ್ಲಿಸಿ.

ಅದೂ ಒಂದು ಗುಂಡಿಯೇ.
ಆದರೆ ಅದಕ್ಕೆ ಹೆಸರಿದೆ.