ಏಳನೇ ಖಾನೆ

ಹೋದ ಸಲ ನೀವು ಕೇಳಿದ್ದಿರಿ, ಮೇಡಂ,
ಪೆನ್ನು ಏಳನೇ ಖಾನೆ ಮ್ಯಾಲಿಟ್ಟು:
ಹೊಟ್ಟೀಲೆ ಇದ್ದಾಗ ಏನರ ಕುಡೀತಿದ್ದೇನಮ್ಮ?
ನೀರು ಅಂದೆ. ಮಜ್ಜಿಗಿ ಅಂದೆ.
ನೀವು ಒಂದು ಗೀಟು ಎಳದ್ರಿ.
ಆ ಗೀಟು ನನ್ನ ಹಿಂದನ ಬಂತು
ತೀನ್ ಕಂದೀಲ್ ತನಕ, ಆಟೋದಾಗ, ಮನಿ ಹೊಸ್ತಿಲ ತನಕ.

ಇವತ್ತು ನನ್ನ ಪಾಳಿ ಇಲ್ಲ. ಆದ್ರೂ ಬಂದೀನಿ.
ಅದನ್ನ ಅಳಿಸ್ರಿ.

ಗಂಜಿನ ಹಿಂದ ಜಿನ್ನಿಂಗ್ ಮಿಲ್ಲು.
ಮಿಷಿನ್ ಸುರು ಆತಂದ್ರ ಅಲ್ಲಿ ಮಾತು ಸಾಯ್ತದ.
ಕೈಲೇ ಮಾತಾಡ್ತಿದ್ವಿ ಹದಿನಾಕು ಮಂದಿ ಹೆಣ್ಮಕ್ಕಳು:
ಎರಡು ಬಟ್ಟು ತುಟಿಗೆ ಇಟ್ರ ನೀರು,
ಮುಂಗೈ ತಟ್ಟಿದ್ರ ಮೇಸ್ತ್ರಿ ಬಂದ.
ಗಂಟಲ ತುಂಬ ಅರಳೆ ಧೂಳು.
ಸಂಜಿಗೆ ಭೀಮಕ್ಕ ಸೇಂದಿ ಪಾಕೀಟು ಹರದು ಕೊಡ್ತಿದ್ಲು:
ಕುಡಿ, ಧೂಳು ಇಳೀತದ.
ಕುಡಿ, ಈ ಬಿಸಲಿಗೆ ತಂಪು, ಕೂಸು ಬೆಳ್ಳಗ ಹುಟ್ತದ.
ಕೆಟ್ಟಾಕಿ ಅಲ್ಲ ಆಕಿ. ತನ್ನ ಪಾಲಿನಾಗಿಂದ ಕೊಟ್ಟಾಕಿ.
ಐದರಾಗ ಒಂದು ಪಾಕೀಟು, ಏಳರಾಗ ಎರಡು.
ಒಳಗ ಇವ ಒದೀತಿದ್ದ, ಕುಡದ ಮ್ಯಾಲೆ ಸುಮ್ಮಾಗ್ತಿದ್ದ.
ನಿದ್ದಿ ಹತ್ತಿತು ಅನ್ಕೋತಿದ್ದೆ.
ಖುಷಿ ಪಡ್ತಿದ್ದೆ, ಮೇಡಂ. ಅದನ್ನೂ ಬರಕೊಳ್ರಿ.

ಉರುಕುಂದ ಅಂತ ಹೆಸರಿಟ್ವಿ.
ಮೂರು ತುಂಬಿ ನಾಕು ತಿಂಗಳು.
ಬಾಜೂ ಮನಿ ಶಮೀಮಳ ಮಗಳು ಇವನಕಿಂತ ಸಣ್ಣಾಕಿ,
ಎರಡು ಭಾಷೆದಾಗ ಜಗಳ ತೆಗೀತಾಳ.
ಇವಗ ತನ್ನ ಹೆಸರೇ ಹೇರಿದ ಬಂಡಿ,
ಉ ಅನ್ನೋ ಗಾಲಿ ಮುಂದಕ ಸರಿಯಂಗಿಲ್ಲ.
ಅತ್ತಿ ಬಜೆ ತೇದು ನಾಲಿಗಿಗೆ ಹಚ್ಚಿದ್ಲು.
ಇವರಪ್ಪನೂ ತಡಾ ಮಾತಾಡಿದಾಂವ ಅಂದ್ಲು.

ನೀವು ಪೆನ್ನು ಕೆಳಗಿಟ್ರಿ.
ಬೈತೀರಿ ಅನ್ಕೊಂಡಿದ್ದೆ.
ಅದರಿಂದನೇ ಅಂತ ಹೇಳಾಕ ಬರಂಗಿಲ್ಲ,
ಅದರಿಂದಲ್ಲ ಅಂತನೂ ಹೇಳಾಕ ಬರಂಗಿಲ್ಲ, ಅಂದ್ರಿ.
ಈ ಎರಡರ ನಡುವಿನ ಸಂದಿನ್ಯಾಗ
ನಾ ಎಲ್ಲಿ ಕುಂದರ್ಲಿ?
ಮಾತಾಡು ಅಂದ್ರಿ. ಅವನ ಮಾರಿ ನೋಡಿ ಮಾತಾಡು.
ಕಂಡದ್ದಕ್ಕೆಲ್ಲ ಹೆಸರು ಹೇಳು.

ಅದಾಗಿ ಇಪ್ಪತ್ತು ದಿನ.
ಒಂಬತ್ತು ವರ್ಷ ಮಿಲ್ಲಿನಾಗ ಬಾಯಿ ಮುಚ್ಚಿದಾಕಿ
ಈಗ ಆಟೋದಾಗ ಹುಚ್ಚಿಯಂಗ ಒದರ್ತೀನಿ:
ಅದು ಕ್ವಾಟಿ ಗ್ವಾಡಿ. ಅದು ಎಮ್ಮಿ, ಎಮ್ಮಿ ಬಾಲ.
ಅದು ಬಾಳಿಹಣ್ಣಿನ ಬಂಡಿ.
ಡ್ರೈವರ್ ಕನ್ನಡ್ಯಾಗ ನೋಡ್ತಾನ. ನೋಡ್ಲಿ.
ಅದು ಸೇಂದಿ ಮಾರೋ ಸಂದಿ.
ಅದಕ್ಕೂ ಹೆಸರು ಹೇಳ್ದೆ.

ನಿನ್ನೆ ರಾತ್ರಿ ನನ್ನ ಕೂದಲಾಗಿಂದ
ಅರಳೆ ಎಳಿ ಒಂದು ತೆಗದು
ಬಲ್ಬಿನ ಬೆಳಕಿಗೆ ಹಿಡದು ಅಂದ: “ತ್ತಿ.”
ಹತ್ತಿಯೋ, ಬತ್ತಿಯೋ, ಬುತ್ತಿಯೋ,
ಎತ್ತಿಕೋ ಅಂದ್ನೋ.
ತಿಳೀಲಿಲ್ಲ ನನಗ.
ಆಮ್ಯಾಲೆ ಎರಡು ಬಟ್ಟು ತುಟಿಗೆ ಇಟ್ಟ.
ಆ ಸನ್ನಿ ನಾ ಇವಗ ಯಾವಾಗ ಕಲಿಸಿದ್ದೆ?

ಕೊಟ್ಟೆ.
ನೀರು, ಅಂದೆ.
ನೀರು.